ಇಪ್ಪತ್ತನಾಲ್ಕು ಗಂಟೆಯ ಕ್ಯಾನು

ಘಾಟ್ಕೋಪರಿನಲ್ಲಿ ಏಳೂ ಇಪ್ಪತ್ತರ ಸ್ಲೋ ಗಾಡಿ,
ಸಾಮಾನಿನ ಡಬ್ಬಿ. ಮಡಿಲಲ್ಲಿ ಐದು ಲೀಟರಿನ ಕ್ಯಾನು,
ಮುಚ್ಚಳಕ್ಕೆ ಪ್ಲಾಸ್ಟಿಕ್ ಬಿಗಿದು, ತಳಕ್ಕೆ ಐಸಿನ ತುಂಡಿಟ್ಟು,
ಟವೆಲು ಹೊದೆಸಿ ಮಗುವಿನ ಹಾಗೆ ಹಿಡಿದು ಕೂತಿದ್ದೇನೆ.
ಖಾಲಿ ಬುಟ್ಟಿಗಳ ನಡುವಿನಿಂದ ಮೀನಿನ ಮಾವಶಿ ಕೇಳಿದಳು:
"ಏನದು, ಊರಿನ ಎಣ್ಣೆಯಾ?"
"ಹೌದು," ಅಂದೆ, "ಮನೆಯದ್ದೇ."
"ಲೀಟರಿಗೆ ಎಷ್ಟು?"
ಕುರ್ಲಾ ಬಂತು. ಜನ ನುಗ್ಗಿದರು. ನಾನು ಬದುಕಿದೆ.

ಶುರುವಾದದ್ದು ಹೆಬ್ಬೆರಳಿನಿಂದ.
ಭಾಂಡೂಪಿನಲ್ಲಿ ಮೆಹಂದಿ ಊಟ ಉಂಡು, ಬಿಯರು ಕುಡಿದು ಬಂದ ರಾತ್ರಿ
ಡಾಕಿನ ವೆಲ್ಡರು, ಬೆಂಕಿಯ ಕಿಡಿ ಬಿದ್ದರೆ ಒರೆಸಿಕೊಳ್ಳುವ ಗಂಡಸು,
ಹೊದಿಕೆ ತಾಗಿದರೆ ಅಯ್ಯೋ, ಫ್ಯಾನಿನ ಗಾಳಿ ತಾಗಿದರೆ ಅಯ್ಯೋ.
ಬೆರಳು ಬೆಂದ ಸಿಗಡಿಯ ಬಣ್ಣ.
ಮೂಲೆಯ ಮೆಡಿಕಲಿನವ ಕೆಂಪು ಗುಳಿಗೆ ಕೊಟ್ಟ.
ನೋವು ಹೋಯಿತು, ಬಂತು, ಹೋಯಿತು.
ಎಂಟು ತಿಂಗಳು ಆ ಗುಳಿಗೆ ನಮ್ಮ ಡಬ್ಬದಲ್ಲಿ
ಅಡಿಕೆ ಚೂರಿನ ಹಾಗೆ ಇತ್ತು; ಬೇಕೆಂದಾಗ ಬಾಯಿಗೆ.
ಸಕ್ಕರೆ ಕಾಯಿಲೆ ಹನ್ನೆರಡು ವರ್ಷದ್ದು, ಹಳೆಯ ಬಾಡಿಗೆದಾರ,
ಅದನ್ನು ಯಾರು ವಿಚಾರಿಸುತ್ತಾರೆ?

ಡಾಕ್ಟರ್ ದಸ್ತೂರ್ ಬಾಯಿ ಚೀಟಿಯ ಹಿಂದೆ
ಎರಡು ಕಾಯಿಯ ಚಿತ್ರ ಬರೆದಳು.
"ಗೋಡಂಬಿಯಾ?" ಅಂದರು ಇವರು. ಅವಳು ನಗಲಿಲ್ಲ.
"ಯೂರಿಕ್ ಆಸಿಡ್ ಒಂಬತ್ತು ದಾಟಿದೆ, ಸಂಜೀವ್‌ಭಾಯಿ,
ತೊಳೆದು ಹೊರಹಾಕುವವರೇ ಸುಸ್ತಾದರೆ ಅದು ಎಲ್ಲಿಗೆ ಹೋಗಬೇಕು?
ಬೆರಳು ಕೂಗಿತು, ನೀವು ಓಡಿ ಬಂದಿರಿ.
ಇವು ಕೂಗುವುದಿಲ್ಲ.
ಅದರ ಬಾಯಿ ಮುಚ್ಚಿಸಿದ ಗುಳಿಗೆಯ ಏಟು ತಿಂದದ್ದೂ ಇವೇ."
ಆಮೇಲೆ ಮೆಲ್ಲಗೆ: "ಮೂತ್ರದಲ್ಲಿ ನೊರೆ ಬರುತ್ತದಾ?"
ಇವರು ನನ್ನ ಮುಖ ನೋಡಿದರು, ನಾನು ಫ್ಯಾನು ನೋಡಿದೆ.
ಚಾಳಿನ ಕೊನೆಯ ಸಂಡಾಸಿನಲ್ಲಿ, ಹೊರಗೆ ನಾಲ್ಕು ಜನ ಬಾಗಿಲು ಬಡಿಯುವಾಗ
ನೊರೆ ನೋಡುತ್ತ ನಿಲ್ಲುವವರು ಯಾರು, ಮಾರಾಯ್ತಿ?

ಬೂತಾಯಿ ಬೇಡ. ಬಂಗುಡೆ ಬೇಡ. ಒಣ ಸಿಗಡಿಯ ಚಟ್ನಿ ಬೇಡವೇ ಬೇಡ.
ಪುತ್ರನ್ ಮನೆಯವನಿಗೆ!
ಅಜ್ಜ ಮಲ್ಪೆಯಲ್ಲಿ ಬಲೆ ಎಳೆದವನು,
ಅಪ್ಪ ಇಲ್ಲಿ ಬೋಟಿಗೆ ಡೀಸೆಲು ತುಂಬಿದವನು.
ದಾರಿಯುದ್ದ ಇವರು ಮಾತಾಡಲಿಲ್ಲ.
ಮನೆಗೆ ಬಂದು ಮಣ್ಣಿನ ಗಡಿಗೆಯ ಮುಚ್ಚಳ ತೆಗೆದು
ಮೂಸಿದರು, ಮುಚ್ಚಿದರು.

ಪರೇಲಿನ ಲ್ಯಾಬು. ಕೌಂಟರಿನ ಹುಡುಗಿ
ಕ್ಯಾನು ಎತ್ತಿ ಗೆರೆ ನೋಡಿ ಕೇಳಿದಳು:
"ನಿನ್ನೆ ಬೆಳಿಗ್ಗೆಯ ಮೊದಲನೆಯದು ಚೆಲ್ಲಿ, ಆಮೇಲಿನದ್ದೆಲ್ಲ?
ಇವತ್ತು ಎದ್ದ ಕೂಡಲೇ ಮಾಡಿದ್ದೂ ಸೇರಿಸಿ? ಒಂದು ಸಲವೂ ತಪ್ಪಿಲ್ಲ?"

ತಪ್ಪಿದೆ.
ರಾತ್ರಿ ಮೂರಕ್ಕೆ ಎದ್ದದ್ದು ನನಗೆ ಗೊತ್ತು.
ಬಾಗಿಲ ಸಂದಿಯ ಬೆಳಕಲ್ಲಿ ಕ್ಯಾನಿನ ಪಕ್ಕ ನಿಂತರು,
ಒಳಗೆ ಮಲಗಿದ ಸೊಸೆಯ ಕಡೆ ನೋಡಿದರು,
ಹಾಗೇ ಕುಂಟುತ್ತ ಬಾಲ್ಕನಿಯ ಕೊನೆಗೆ ಹೋದರು.
ಮೂವತ್ತೊಂದು ವರ್ಷದಲ್ಲಿ ಆ ಹೆಜ್ಜೆ ಅಷ್ಟು ಮೆಲ್ಲಗೆ ಕೇಳಿದ್ದಿಲ್ಲ.
ನಿದ್ದೆಯ ನಾಟಕ ಮಾಡಿದೆ. ಅವರ ಮಾನಕ್ಕೆ
ಅಷ್ಟಾದರೂ ಜಾಗ ಬಿಡಬೇಕಲ್ಲ, ಹತ್ತಕ್ಕೆ ಹನ್ನೆರಡರ ಕೋಣೆಯಲ್ಲಿ.

"ಎಲ್ಲ ಇದೆ" ಅನ್ನಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು.
ಚೀಟಿಯ ಹಿಂದಿನ ಆ ಎರಡು ಕಾಯಿ ನೆನಪಾದವು.
ಅವೂ ಹೀಗೆಯೇ ಅಲ್ಲವಾ, ಇಷ್ಟು ದಿನ,
ಎಲ್ಲ ಸರಿ ಇದೆ, ಎಲ್ಲ ಸರಿ ಇದೆ ಅಂದದ್ದು?
"ಒಂದು ಸಲದ್ದು ಇಲ್ಲ," ಅಂದೆ.
"ಹಾಗಾದರೆ ಮತ್ತೆ ಮೊದಲಿಂದ, ಆಂಟಿ."
ಅವಳೇ ಒಳಗೆ ಚೆಲ್ಲಿ, ಹೊಸ ಕ್ಯಾನು ಕೊಟ್ಟಳು.

ವಾಪಸು ಗಾಡಿ. ಅದೇ ಡಬ್ಬಿ, ಬೇರೆ ಮಾವಶಿ.
ಈಗ ಬುಟ್ಟಿ ತುಂಬಿದ್ದು ಅವಳದ್ದು, ಐಸು ಸೋರುವುದು ಅವಳದ್ದು.
ಬೆಳ್ಳಿಯ ಹಾಗೆ ಬೂತಾಯಿ. ಮೂಗು ತಿರುಗಿಸಲು ನೋಡಿದೆ, ಆಗಲಿಲ್ಲ.
ನನ್ನ ಮಂಡಿಯ ಮೇಲೆ ಖಾಲಿ ಕ್ಯಾನು ಡಬಡಬ ಅನ್ನುತ್ತಿತ್ತು.
"ಎಲ್ಲಾ ಮಾರಿ ಹೋಯ್ತಾ ಬಾಯಿ, ಇಷ್ಟು ಬೇಗ?"

"ಇಲ್ಲ," ಅಂದೆ. "ಅಳತೆ ಕಡಿಮೆ ಬಂತು.
ಮತ್ತೆ ತರಬೇಕು."